ಬಾಗಿಲು ಕಳೆದುಕೊಂಡ ಫೈಲು

ಗೌರಿಹಬ್ಬಕ್ಕೆ ಮನೆ ಗುಡಿಸುವಾಗ ನಮ್ಮಜ್ಜಿ, ಯಾರನ್ನು ಒಳಗೆ ಬಿಡಬೇಕೆಂದು ನಮ್ಮ ಮಾತಾಡುವ ಬಾಗಿಲಿಗೆ ತಿಳಿಸುವ ಫೈಲನ್ನೂ ಕಸವೆಂದು ಎಸೆದಿದ್ದಳು. ಅವಳೊಂದಿಗೆ ಹನ್ನೆರಡು ವರ್ಷ ಮಾತು ಬಿಟ್ಟಿದ್ದ ಅವಳ ತಂಗಿ ಶೇಷಮ್ಮ ಬಾಗಿನ ಹಿಡಿದು ಬಂದರೆ, ಬಾಗಿಲು "ನೀವು ಹುಡುಕುತ್ತಿರುವ ಮನೆ ಇಲ್ಲಿಲ್ಲ" ಎನ್ನುತ್ತಿತ್ತು.

"ಮೂರು ಸಲ ಬಾಗಿಲು ಬಿಚ್ಚಿ ಕೂರಿಸಿದೆ, ಆದ್ರೂ ಫೈಲು ಹಾಕಿಕೊಳ್ತಿಲ್ಲ," ಎಂದಳು ರಿಪೇರಿಯ ಶಕೀಲಾ. "ನೀವು ಬೇಕಂತಲೇ ಎಸೆದ್ರಿ ಅಂದ್ಕೊಂಡು ಅದು ನಿಮ್ಮ ಇಷ್ಟಕ್ಕೆ ಮರ್ಯಾದೆ ಕೊಡ್ತಿದೆ ಅಮ್ಮಾ. ಗಟ್ಟಿಯಾಗಿ 'ತಪ್ಪಾಯ್ತು' ಅನ್ನಿ, ಕಾರ್ಖಾನೆಯಲ್ಲಿ ಹಾಕಿದ್ದ ಮೊದಲಿನ ಫೈಲು ವಾಪಸ್ ಬರುತ್ತೆ."

"ಈ ವಯಸ್ಸಲ್ಲಿ ಹಲಗೆ ಹತ್ರ ಕ್ಷಮೆ ಕೇಳ್ಲಾ?"

"ನಾನಿನ್ನು ಹೊರಟೆ ಅಕ್ಕಾ," ಎಂದಳು ಹೊರಗಿನಿಂದ ಶೇಷಮ್ಮ. ಚಪ್ಪಲಿಯ ಸದ್ದು ದೂರವಾಯಿತು.

"ತಪ್ಪಾಯ್ತು!" ಅಜ್ಜಿ ಕೂಗಿದಳು.

ಬಾಗಿಲು ತೆರೆಯಿತು. ಶೇಷಮ್ಮ ಓಡಿ ಬಂದು ಅಳುತ್ತ ಅಪ್ಪಿಕೊಂಡಳು. "ಈ ಮಾತು ನಿನ್ನ ಬಾಯಲ್ಲಿ ಬರುತ್ತೆ ಅಂದ್ಕೊಂಡಿರ್ಲಿಲ್ಲಕ್ಕಾ!"

"ಅಯ್ಯೋ, ನಾನು ಹೇಳಿದ್ದು ಈ ಬಾಗಿಲಿ..." ಎನ್ನುವಷ್ಟರಲ್ಲಿ, ವಾಪಸ್ ಬಂದ ಕಾರ್ಖಾನೆ ಫೈಲಿನಲ್ಲಿದ್ದ ಒಂದೇ ಮಾತನ್ನು ಬಾಗಿಲು ಸಂಭ್ರಮದಿಂದ ಸಾರಿತು:

"ಕೆಲಸ ಮಾಡುತ್ತಿದೆ!"