ಪಂಚಮಿಗೆ ಬರುವ ಮೊಣಕಾಲು ನೋವು

ಚನಬಸಪ್ಪ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಂತೆಯೇ ಒಳಗೆ ಅವನ ತಂಗಿಯ ಅತ್ತೆ ಶಂಕ್ರವ್ವ ಮೊಣಕಾಲು ಹಿಡಿದುಕೊಂಡು ನೆಲಕ್ಕೆ ಕುಸಿದಳು. ಸ್ವಲ್ಪ ಹೊತ್ತಿನ ಹಿಂದೆ ಇದೇ ಶಂಕ್ರವ್ವ ಅಟ್ಟ ಹತ್ತಿ ಶೇಂಗಾದ ಚೀಲ ಇಳಿಸಿಕೊಂಡು ಬಂದಿದ್ದಳು. ನಾಡಿದ್ದು ಪಂಚಮಿ. ಚನಬಸಪ್ಪ ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಕಾಡಿ ಬೇಡಿ ರಜೆ ಪಡೆದು ಬಂದದ್ದು ತಂಗಿ ಈರಕ್ಕನನ್ನು ಮಳಗಿಯ ತವರಿಗೆ ಕರೆದೊಯ್ಯಲು. ಮೊಣಕಾಲಿಗೆ ಅದೆಲ್ಲ ಹೇಗೆ ಗೊತ್ತಾಗುತ್ತದೋ, ಈರಕ್ಕ ತೇರಗಾಂವಕ್ಕೆ ಸೊಸೆಯಾಗಿ ಬಂದಾಗಿನಿಂದ ಒಂದು ಪಂಚಮಿಯನ್ನೂ ಅದು ಮರೆತಿರಲಿಲ್ಲ.

"ಹೋಗವ್ವಾ, ನೀ ಹೋಗು" ಎಂದಳು ಶಂಕ್ರವ್ವ, ನರಳುತ್ತ. "ನನ್ನ ಕಾಲಿಗೆ ಎಣ್ಣಿ ತಿಕ್ಕಾಕ ನೆರಿಮನ್ಯಾರು ಯಾರರ ಬರ್ತಾರ. ಬರಲಿಲ್ಲಂದ್ರ ಹಿಂಗ ಬಿದ್ದಿರ್ತೇನಿ. ನೀ ಹಬ್ಬ ಮಾಡು."

ಇಷ್ಟು ಧಾರಾಳವಾಗಿ ಅಪ್ಪಣೆ ಕೊಟ್ಟ ಮೇಲೆ ಯಾವ ಸೊಸೆ ತಾನೇ ಹೊರಟಾಳು? ಹಿಂದಿನ ವರ್ಷಗಳಲ್ಲೆಲ್ಲ ಅಣ್ಣ ಚಹಾ ಕುಡಿದು ಬಂದ ದಾರಿ ಹಿಡಿದಿದ್ದ. ಓಣಿಯ ಹೆಂಗಸರು ಜೋಕಾಲಿ ಆಡುವ ಗದ್ದಲ ಕೇಳುತ್ತ, ಈರಕ್ಕ ಔಡಲೆಣ್ಣೆಗೆ ನೀಲಗಿರಿ ಎಣ್ಣೆ ಬೆರೆಸಿ ಅತ್ತೆಯ ಕಾಲು ತಿಕ್ಕಿದ್ದಳು. ಸಿಟ್ಟು ತೀರಿಸಿಕೊಳ್ಳೋಣವೆಂದರೆ ಅದಕ್ಕೂ ದಾರಿಯಿರಲಿಲ್ಲ. ಜೋರಾಗಿ ತಿಕ್ಕಿದಷ್ಟೂ ಅತ್ತೆಗೆ ಹಿತವೆನಿಸುತ್ತಿತ್ತು. ಹಬ್ಬದ ಮರುದಿನ ನೋವು ತಾನಾಗಿಯೇ ಮಾಯ. ಎಣ್ಣೆಯ ಗುಣವೆಂದು ಶಂಕ್ರವ್ವ ಊರೆಲ್ಲ ಹೇಳಿಕೊಂಡು ಬರುತ್ತಿದ್ದಳು.

ಈ ಸಲ ಈರಕ್ಕ ಅಳಲಿಲ್ಲ. "ನಿಮ್ಮ ತ್ರಾಸ ನನಗ ನೋಡಾಕ ಆಗಂಗಿಲ್ರಿ ಅತ್ತಿ. ಅದಕ್ಕ ಹಳಿಯಾಳದಿಂದ ಖತೀಜಾಬಿನ್ನ ಕರಸೇನಿ" ಎಂದಳು.

ಖತೀಜಾಬಿ ಸುತ್ತಲಿನ ಊರುಗಳಲ್ಲಿ ಮಾಲೀಶಿಗೆ ಹೆಸರಾದವಳು. ಬಾಣಂತಿಯರ ಬೆನ್ನು, ಉಳುಕಿದ ಸೊಂಟ, ಎಲ್ಲವೂ ಅವಳ ಕೈಗೆ ಬಗ್ಗಿದವೇ. ಹಿತ್ತಲಲ್ಲಿ ಕಾಯುತ್ತಿದ್ದವಳು ಒಳಗೆ ಬಂದು, ಬಿಸಿ ಎಣ್ಣೆ ಸುರಿದು, ಶಂಕ್ರವ್ವನ ಮೊಣಕಾಲನ್ನು ಹಿಟ್ಟು ನಾದಿದ ಹಾಗೆ ನಾದತೊಡಗಿದಳು. ನೀಲಗಿರಿಯ ಘಾಟಿಗೆ ಮನೆಯ ಬೆಕ್ಕು ಎದ್ದು ಹೊರಗೆ ನಡೆಯಿತು.

"ಶಂಕ್ರಕ್ಕಾ, ಇದು ಸಾದಾ ಬ್ಯಾನಿ ಅಲ್ರಿ. ವರ್ಷಾ ಹಬ್ಬಕ್ಕ ಬರತೈತಿ ಅಂದ್ರ ಎಲಬಿನಾಗ ಕುಂತೈತಿ. ಪಥ್ಯ ಮಾಡ್ಲಿಲ್ಲಂದ್ರ ಎಣ್ಣಿ ನಾಟಂಗಿಲ್ಲ."

"ಏನ ಪಥ್ಯ?"

"ಬೆಲ್ಲ ಬ್ಯಾಡ, ಶೇಂಗಾ ಬ್ಯಾಡ, ಎಳ್ಳು ಬ್ಯಾಡ. ಉಪ್ಪಿಲ್ಲದ ಗಂಜಿ ಕುಡದು ಹಾಸಿಗ್ಯಾಗ ಇರೂದು. ಹುಣ್ಣಿವಿ ತನಕ."

"ನಾಗಪ್ಪಗ ಹಾಲು ಎರಿಯೂದು?"

"ಸೊಸಿ ಎರೀತಾಳ ಬಿಡ್ರಿ. ಹೆಂಗೂ ಮನ್ಯಾಗ ಇರ್ತಾಳಲ್ಲ."

ಶಂಕ್ರವ್ವ ಅಡುಗೆಮನೆಯತ್ತ ನೋಡಿದಳು. ಹಬ್ಬಕ್ಕೆಂದು ಕಟ್ಟಿದ ಶೇಂಗಾ, ಎಳ್ಳಿನ ಉಂಡಿಯ ಡಬ್ಬಿಗಳು ಸಾಲಾಗಿ ಕೂತಿದ್ದವು. ಓಣಿಯ ಹೆಂಗಸರನ್ನೆಲ್ಲ ಬೆನ್ನಿಗೆ ಕಟ್ಟಿಕೊಂಡು ಹಾಲೆರೆಯಲು ಮುಂದೆ ನಡೆಯುವ ಮಾನ ಅವಳದು. ಅದನ್ನು ಸೊಸೆಗೆ ಬಿಟ್ಟು ಗಂಜಿ ಕುಡಿಯುವುದಕ್ಕಿಂತ ಕಾಲು ನೆಟ್ಟಗಾಗುವುದೇ ವಾಸಿ. ಒಮ್ಮೆ ಮಡಿಚಿದಳು, ಒಮ್ಮೆ ಚಾಚಿದಳು, ಎದ್ದು ನಿಂತಳು.

"ಯಾಕೋ ಹಗೂರಾತು ಖತೀಜಾ. ನಿನ್ನ ಕೈಗುಣ."

"ಪಥ್ಯದ ಗುಣರೀ" ಎಂದಳು ಖತೀಜಾಬಿ, ಕೈ ಒರೆಸಿಕೊಳ್ಳುತ್ತ.

ಈರಕ್ಕನ ಗಂಟು ನಿನ್ನೆಯೇ ಕಟ್ಟಿ ಸಿದ್ಧವಾಗಿತ್ತು. ಗೆದ್ದ ಖುಷಿ ಮುಖದಲ್ಲಿ ಕಾಣದಿರಲೆಂದು ಸೆರಗು ಎಳೆದುಕೊಂಡು ಅತ್ತೆಯ ಕಾಲಿಗೆ ಬಿದ್ದಳು. ಶಂಕ್ರವ್ವ ಬೈಯಲಿಲ್ಲ. ಉಂಡಿಯ ಗಂಟನ್ನು ತಾನೇ ಹೊತ್ತು, ಚನಬಸಪ್ಪನಿಗಿಂತ ಮುಂದಾಗಿ, ಊರ ಅಗಸಿಬಾಗಿಲ ತನಕ ಸರಸರ ನಡೆದು ಬಂದಳು. ಅಲ್ಲಿ ಸೊಸೆಯನ್ನು ಪಕ್ಕಕ್ಕೆ ಕರೆದಳು.

"ಮಳಗಿ ಮೋಟಾರು ಮುಂಡಗೋಡದಾಗ ನಿಂದರತೈತೇನ?"

"ನಿಂದರತೈತ್ರಿ. ಯಾಕ್ರಿ ಅತ್ತಿ?"

"ನಮ್ಮ ತಮ್ಮಂದಿರ ಅಂಗಡಿ ಅಲ್ಲೇ ಎದುರಿಗೆ ಐತಿ."

ಆ ತಮ್ಮಂದಿರು ಈ ಮನೆಯ ಹೊಸ್ತಿಲು ತುಳಿದದ್ದನ್ನು ಈರಕ್ಕ ಒಂದು ಪಂಚಮಿಗೂ ಕಂಡಿರಲಿಲ್ಲ.

"ಅಕ್ಕ ಯಾಕ ಹಬ್ಬಕ್ಕ ಬರಲಿಲ್ಲ ಅಂತ ಕೇಳಿದ್ರ, ಮೊಣಕಾಲ ನೋವು, ಏಳಾಕ ಬರಂಗಿಲ್ಲ ಅಂತ ಹೇಳು."

ಈರಕ್ಕ ತಲೆಯಾಡಿಸಿದಳು. ಶಂಕ್ರವ್ವ ಉಂಡಿಯ ಗಂಟನ್ನು ಅವಳ ಕೈಗಿಟ್ಟು ದನಿ ತಗ್ಗಿಸಿದಳು.

"ಅವರಾಗಿ ಕೇಳಿದ್ರ ಅಷ್ಟ. ಕೇಳಲಿಲ್ಲಂದ್ರ ಹೇಳಬ್ಯಾಡ."