ಅತ್ತೆಯ ನೆನಪು

ಸೊಸೆಗೆ ಸ್ಪರ್ಧೆಗಳ ಹುಚ್ಚು. ಸೋಪಿನ ಘೋಷವಾಕ್ಯದಿಂದ ಹಿಡಿದು ಪತ್ರಿಕೆಯ ಪ್ರಬಂಧದವರೆಗೆ ಒಂದನ್ನೂ ಬಿಡುತ್ತಿರಲಿಲ್ಲ. ಈ ಸಲ ‘ನನ್ನ ಅತ್ತೆ’ ಪ್ರಬಂಧಕ್ಕೆ ಮೊದಲ ಬಹುಮಾನ ಬಂದಿತ್ತು. ಮಿಕ್ಸರ್ ಕೊಟ್ಟು ಫೋಟೋ ತೆಗೆಯಲು ಪತ್ರಿಕೆಯವನು ಹೇಳಿದ್ದಕ್ಕಿಂತ ಒಂದು ದಿನ ಮೊದಲೇ ಬಂದುಬಿಟ್ಟ. ಅತ್ತೆಯನ್ನು ನಾದಿನಿಯ ಮನೆಗೆ ಕಳಿಸಲು ಅವಳು ಏರ್ಪಾಟು ಮಾಡಿದ್ದು ಮರುದಿನಕ್ಕೆ.

ಅತ್ತೆ ಕಾಫಿ ತಂದಿಟ್ಟರು.

“ಎಷ್ಟು ಚೆನ್ನಾಗಿ ಬರೆದಿದೀರಿ ಮೇಡಂ! ‘ಅತ್ತೆ ತೀರಿಕೊಂಡ ದಿನದಿಂದ ನಮ್ಮ ಮನೆಯ ಸಾರಿಗೆ ರುಚಿಯೇ ಇಲ್ಲ.’ ನಮ್ಮ ಸಂಪಾದಕರ ಕಣ್ಣಲ್ಲೇ ನೀರು ಬಂತು.”

ಹಿಂದಿನ ವರ್ಷಗಳ ಬಹುಮಾನಿತ ಪ್ರಬಂಧಗಳನ್ನೆಲ್ಲ ಸೊಸೆ ಹುಡುಕಿ ಓದಿದ್ದಳು. ಪ್ರತಿಯೊಂದರಲ್ಲೂ ಯಾರಾದರೊಬ್ಬರು ಸತ್ತಿದ್ದರು. ಹಾಗಾಗಿ ಅತ್ತೆಯನ್ನೂ ಸಾಯಿಸಿದ್ದಳು.

“ಅವರ ಫೋಟೋ ಪಕ್ಕ ನಿಂತ್ಕೊಳ್ಳಿ ಮೇಡಂ. ಹಾರ ಹಾಕಿರೋದು ಇದೆಯಲ್ಲ?”

“ಅದು... ಕಟ್ಟು ಹಾಕಿಸೋಕೆ ಕೊಟ್ಟಿದೀನಿ.”

“ಅಯ್ಯೋ, ಫೋಟೋ ಇಲ್ದೆ ಹೇಗೆ ಮೇಡಂ?” ಅವನು ಅತ್ತೆಯತ್ತ ತಿರುಗಿದ. “ಇವರು ಯಾರು?”

ಸೊಸೆ ತಲೆ ತಗ್ಗಿಸಿ ಕಾಫಿ ಲೋಟವನ್ನು ಅವನತ್ತ ಸರಿಸಿದಳು. ಅತ್ತೆ ಒಂದು ಗಳಿಗೆ ಅವಳನ್ನೇ ನೋಡಿ ಒಳಗೆ ಹೋದರು. ಟ್ರಂಕು ತೆರೆದ ಸದ್ದಾಯಿತು. ಹೊರಬಂದಾಗ ಅವರ ಕೈಯಲ್ಲಿ ತಮ್ಮದೇ ಹರೆಯದ ಫೋಟೋ ಇತ್ತು. ಅದನ್ನು ಮೇಜಿನ ಮೇಲೆ ಗೋಡೆಗೆ ಒರಗಿಸಿಟ್ಟು, ತಾವು ಮುಡಿದಿದ್ದ ಮಲ್ಲಿಗೆಯನ್ನು ತೆಗೆದು ಅದಕ್ಕೆ ಹಾಕಿದರು.

“ತೆಗಿಯಪ್ಪಾ ಫೋಟೋ,” ಎಂದು ಹಾರದ ಚಿತ್ರದತ್ತ ಕೈ ತೋರಿಸಿದರು. “ನಾನು ಇವಳ ತಂಗಿ.”