ಕಿಟಕಿಯ ಬಲೆ

ಹಳದಿ ಕಾರು ಗೋಡೆಗೆ ಬಡಿದು ಪಲ್ಟಿ ಹೊಡೆದದ್ದೇ ತಡ, ಜಯಕರ ಕುರ್ಚಿಯಿಂದೆದ್ದು ಜೋರಾಗಿ ಚಪ್ಪಾಳೆ ತಟ್ಟಿದ. "ಹಾಗೇ ಆಗ್ಬೇಕು ಅವನಿಗೆ!" ಹೋದ ವಾರ ಅವನ ಮೆಚ್ಚಿನ ಡ್ರೈವರನ್ನು ಹಿಂದಿನಿಂದ ಗುದ್ದಿ ರೇಸಿನಿಂದಲೇ ಹೊರಹಾಕಿದ್ದವನು ಈ ಹಳದಿ ಕಾರಿನವನೇ. ಅಮೆರಿಕದ ರೇಸ್ ಟ್ರ್ಯಾಕಿನ ಆ ಸೇಡು ಈಗ ಕೊಚ್ಚಿಯ ಪಾಲಾರಿವಟ್ಟಂನ ಫ್ಲ್ಯಾಟಿನಲ್ಲಿ, ಭಾನುವಾರದ ರೇಸನ್ನು ಸೋಮವಾರ ಬೆಳಿಗ್ಗೆ ತಡೆತಡೆದು ತೋರಿಸುವ ಕಂಪ್ಯೂಟರಿನ ಮುಂದೆ ತೀರಿತ್ತು. ವಿಡಿಯೋ ಹಿಂದಕ್ಕೆ ಎಳೆದು ಮತ್ತೆ ನೋಡಿದ. ಇನ್ನೊಮ್ಮೆ ನೋಡಿದ.

"ಜಯಾ, ಆ ಹುಡುಗ ಬಲೆ ಇಳಿಸಿದನಾ?"

ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಈ ಕಾರುಗಳ ಕಿಟಕಿಗೆ ಗಾಜಿರುವುದಿಲ್ಲ, ಬಲೆ ಇರುತ್ತದೆ. ಅಪಘಾತವಾದ ಮೇಲೆ ಡ್ರೈವರ್ ಅದನ್ನು ಇಳಿಸಿದರೆ ಅವನಿಗೇನೂ ಆಗಿಲ್ಲ ಎಂದರ್ಥ. ಇದನ್ನು ಅಮ್ಮನಿಗೆ ಹೇಳಿಕೊಟ್ಟವನು ಜಯಕರನೇ, ಇಡೀ ಕೊಚ್ಚಿಯಲ್ಲಿ ಇದು ತನಗೊಬ್ಬನಿಗೇ ಗೊತ್ತು ಎಂಬ ಜಂಬದಲ್ಲಿ. ಆ ಆಟದಲ್ಲಿ ಅಮ್ಮನಿಗೆ ನೆನಪುಳಿದದ್ದು ಅದೊಂದೇ.

"ಎಂತದು ಮಾರಾಯ, ಕೇಳ್ತಾ ಇದ್ದೇನಲ್ಲ. ಇಳಿಸಿದನಾ ಇಲ್ವಾ?" ಒದ್ದೆ ಕೈಯನ್ನು ಸೆರಗಿಗೆ ಒರೆಸುವುದನ್ನೂ ಮರೆತು ಅವಳು ಪರದೆಯನ್ನೇ ನೋಡುತ್ತಿದ್ದಳು.

ತಟ್ಟಿದ ಚಪ್ಪಾಳೆಗೆ ಜಯಕರನ ಅಂಗೈ ಇನ್ನೂ ಚುರುಗುಟ್ಟುತ್ತಿತ್ತು. ಅವನಿಗೆ ಗೊತ್ತಿರಲಿಲ್ಲ. ಅಷ್ಟು ಸಲ ನೋಡಿದ್ದ. ಪ್ರತಿ ಸಲವೂ ಕಾರು ಉರುಳಿ ನಿಲ್ಲುವ ಮೊದಲೇ ವಿಡಿಯೋ ಹಿಂದಕ್ಕೆ ಎಳೆದಿದ್ದ.